ಬೀರುವಿನೊಳಗೆ ಹರಿದ ಸೀರೆ: ಮನೆಯ ಬಟ್ಟೆಗಳ ಬಾಳಿಕೆಗೆ ಸಮಗ್ರ ಮಾರ್ಗದರ್ಶಿ

ಅಮ್ಮನ ಮೈಸೂರು ರೇಷ್ಮೆ ಸೀರೆ ಹರಿದದ್ದು ಬೀರುವಿನೊಳಗೆ. ಹರಿದಾಗ ಯಾರೂ ಉಟ್ಟಿರಲಿಲ್ಲ, ಮೊಳೆಗೆ ಸಿಕ್ಕಿರಲಿಲ್ಲ, ಇಲಿಯೂ ಮುಟ್ಟಿರಲಿಲ್ಲ. ಹನ್ನೆರಡು ವರ್ಷ ಒಂದೇ ಮಡಿಕೆಯಲ್ಲಿ, ಅಂಗಡಿಯಲ್ಲಿ ಕೊಟ್ಟ ಪ್ಲಾಸ್ಟಿಕ್ ಚೀಲದಲ್ಲೇ ಇತ್ತು. ತಂಗಿಯ ಮಗಳ ನಾಮಕರಣಕ್ಕೆಂದು ತೆಗೆದು ಬಿಡಿಸಿದರೆ ಮಡಿಕೆಯ ಗೆರೆಯುದ್ದಕ್ಕೂ ಬಟ್ಟೆ ಪಿಸಿದು ಬಂದಿತು. ಗೆರೆಯ ಆಚೆ ಈಚೆ ಬಟ್ಟೆ ಹೊಸದರಂತೆ ಹೊಳೆಯುತ್ತಿತ್ತು. ಅಂಚಿನ ಜರಿ ಮಾತ್ರ ಮಡಿಕೆ ಬಿದ್ದ ಕಡೆಗಳಲ್ಲಿ ಕಪ್ಪಾಗಿತ್ತು.

ಅಂದಿನಿಂದ ನಮ್ಮ ಮನೆಯ ಬಟ್ಟೆಗಳನ್ನು ನಾನು ಬೇರೆ ಕಣ್ಣಿನಿಂದ ನೋಡುತ್ತೇನೆ. ಉಟ್ಟು ಸವೆದ ಬಟ್ಟೆ ನಮ್ಮಲ್ಲಿ ಕಡಿಮೆ. ಹೆಚ್ಚಿನವು ಒಗೆಯುವಾಗ, ಒಣಗಿಸುವಾಗ, ಮಡಿಸಿಟ್ಟಾಗ ಹಾಳಾದವು. ಇದು ಒಳ್ಳೆಯ ಸುದ್ದಿ ಎಂದೇ ನನ್ನ ಭಾವನೆ, ಏಕೆಂದರೆ ಉಡುವುದನ್ನು ಬಿಡಲಾಗದು, ಉಳಿದ ಮೂರನ್ನೂ ತಿದ್ದಿಕೊಳ್ಳಬಹುದು. ಅದನ್ನು ಹಂತ ಹಂತವಾಗಿ ಇಲ್ಲಿ ಬರೆದಿದ್ದೇನೆ. ರೇಷ್ಮೆಗೆ ಹೆಚ್ಚು ಜಾಗ ಕೊಟ್ಟಿದ್ದೇನೆ, ನಮ್ಮ ಮನೆಗಳಲ್ಲಿ ಹೆಚ್ಚು ಬೆಲೆ ಕೊಟ್ಟು ತಂದು ಹೆಚ್ಚು ತಪ್ಪಾಗಿ ಇಡುವುದು ಅದನ್ನೇ.

ಮೊದಲ ಹಂತ: ನೂಲನ್ನು ಗುರುತಿಸಿ

ಸಿದ್ಧ ಉಡುಪಿನ ಒಳಗೆ ಹೊಲಿದ ಚೀಟಿಯನ್ನು ಕತ್ತರಿಸಿ ಎಸೆಯುವ ಮೊದಲು ಓದಿ. ನೀರಿನ ತೊಟ್ಟಿಯ ಚಿತ್ರ ಒಗೆತಕ್ಕೆ, ತ್ರಿಕೋನ ಬ್ಲೀಚಿಗೆ, ಚೌಕ ಒಣಗಿಸುವುದಕ್ಕೆ, ಇಸ್ತ್ರಿ ಪೆಟ್ಟಿಗೆ ಇಸ್ತ್ರಿಗೆ, ವೃತ್ತ ಡ್ರೈಕ್ಲೀನಿಂಗಿಗೆ ಸಂಬಂಧಿಸಿದ್ದು. ಚಿತ್ರದ ಮೇಲೆ ಕತ್ತರಿ ಗುರುತು (×) ಇದ್ದರೆ ಅದನ್ನು ಮಾಡಬಾರದು. ತೊಟ್ಟಿಯಲ್ಲಿ ಕೈ ಅದ್ದಿದಂತಿದ್ದರೆ ಕೈಯಲ್ಲೇ ಒಗೆಯಬೇಕು. ಇಸ್ತ್ರಿಯೊಳಗಿನ ಚುಕ್ಕೆ ಹೆಚ್ಚಿದಷ್ಟೂ ಶಾಖ ತಡೆಯುತ್ತದೆ ಎಂದು ಅರ್ಥ.

ಸೀರೆಗೂ ಥಾನಿನಿಂದ ಕತ್ತರಿಸಿ ತಂದ ಬಟ್ಟೆಗೂ ಇಂಥ ಚೀಟಿ ಸಾಮಾನ್ಯವಾಗಿ ಇರುವುದಿಲ್ಲ. ಆಗ ತುದಿಯಿಂದ ಎರಡೆಳೆ ಎಳೆದು, ಇಕ್ಕಳದಲ್ಲಿ ಹಿಡಿದು, ನೀರಿನ ಬಟ್ಟಲಿನ ಮೇಲೆ ಸುಟ್ಟು ನೋಡಿ. ಹತ್ತಿ ಕಾಗದ ಸುಟ್ಟ ವಾಸನೆ ಬೀರಿ ಮೆತ್ತನೆಯ ಬೂದಿಯಾಗುತ್ತದೆ. ರೇಷ್ಮೆ ಮತ್ತು ಉಣ್ಣೆ ಕೂದಲು ಸುಟ್ಟಂತೆ ನಾರುತ್ತವೆ, ಉಳಿದ ಕರಿ ಬೆರಳಲ್ಲಿ ಹಿಸುಕಿದರೆ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ರೇಷ್ಮೆಯೆಂದು ಕೊಂಡ ಸೀರೆಯ ಎಳೆ ಮಣಿಗಟ್ಟಿದರೆ ಬೇಸರವಾಗುತ್ತದೆ, ನಿಜ. ಆದರೆ ಅದನ್ನು ಮನೆಯಲ್ಲೇ ಧೈರ್ಯವಾಗಿ ಒಗೆಯಬಹುದು ಎಂಬುದೂ ಗೊತ್ತಾಗುತ್ತದೆ.

ರೇಯಾನ್ ಮಾತ್ರ ಹತ್ತಿಯಂತೆಯೇ ಉರಿದು ಮೋಸ ಮಾಡುತ್ತದೆ. ಅದನ್ನು ಹಿಡಿಯಲು ಎಳೆಯನ್ನು ನೀರಲ್ಲಿ ಅದ್ದಿ ಎಳೆಯಿರಿ. ಒದ್ದೆಯಾದ ಹತ್ತಿಯ ಎಳೆ ಇನ್ನೂ ಗಟ್ಟಿಯಾಗುತ್ತದೆ, ರೇಯಾನ್ ಎಳೆ ಪಟ್ಟನೆ ತುಂಡಾಗುತ್ತದೆ. ಇಡೀ ಬರಹದಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ನೆನಪಿಡಿ: ಹತ್ತಿ ಒದ್ದೆಯಾದಾಗ ಬಲಿಯುತ್ತದೆ, ರೇಷ್ಮೆ, ಉಣ್ಣೆ, ರೇಯಾನ್ ಒದ್ದೆಯಾದಾಗ ಸೊರಗುತ್ತವೆ. ಹತ್ತಿಯ ಪಂಚೆಯನ್ನು ಒಗೆಯುವ ಕಲ್ಲಿಗೆ ಕುಕ್ಕಿದರೂ ಅದು ತಡೆದುಕೊಂಡದ್ದು ಈ ಗುಣದಿಂದ. ಅದೇ ಕೈಯಿಂದ ರೇಯಾನ್ ಕುರ್ತಾವನ್ನು ಹಿಂಡಿದರೆ ಹೊಲಿಗೆಯ ಬುಡದಲ್ಲಿ ಎಳೆ ಸರಿದು ಬಾಯಿ ಬಿಡುತ್ತದೆ.

ಕಳಚಿದ ಕೂಡಲೇ

ಪಟ್ಟೆ, ಮಗುಟಗಳಿಗೆ ಮೈಲಿಗೆ ತಾಗದು ಎಂಬ ಎಣಿಕೆ ನಮ್ಮ ಹಲವು ಮನೆಗಳಲ್ಲಿದೆ. ಪೂಜೆಗೆ ಉಟ್ಟದ್ದನ್ನು ಕಳಚಿ ಮಡಿಸಿ ಹಾಗೆಯೇ ಒಳಗಿಡುತ್ತೇವೆ. ಶಾಸ್ತ್ರದ ಮಾತು ಏನೇ ಇರಲಿ, ಬೆವರಿಗೆ ಆ ವಿನಾಯಿತಿ ಗೊತ್ತಿಲ್ಲ. ಬೆವರಿನ ಉಪ್ಪು ಕಂಕುಳಲ್ಲಿ, ಸೊಂಟದ ಸುತ್ತ, ಬೆನ್ನಿನ ಭಾಗದಲ್ಲಿ ಉಳಿದು ತಿಂಗಳುಗಟ್ಟಲೆ ರೇಷ್ಮೆಯನ್ನು ತಿನ್ನುತ್ತದೆ. ರೇಷ್ಮೆ ರವಿಕೆಗಳು ಕಂಕುಳಲ್ಲೇ ಮೊದಲು ಹೋಗುವುದನ್ನು ಗಮನಿಸಿರಬಹುದು.

ಸೀರೆ ಕಳಚಿದ ಮೇಲೆ ನೆರಿಗೆ ಬಿಡಿಸಿ, ಫ್ಯಾನ್ ಗಾಳಿ ಬರುವ ಕೋಣೆಯಲ್ಲಿ, ಬಿಸಿಲು ಬೀಳದ ಕಡೆ ಒಂದು ರಾತ್ರಿ ಹರಡಿ. ದಪ್ಪ ಪ್ಲಾಸ್ಟಿಕ್ ಹಗ್ಗ ಅಥವಾ ಮಂಚದ ಮೇಲೆ ಹಾಸಿದ ಬಿಳಿ ಬಟ್ಟೆ ಸಾಕು. ಮರುದಿನ ಬೆಳಕಿಗೆ ಹಿಡಿದು ಕರೆ ಇದೆಯೇ ನೋಡಿ. ಸುಗಂಧ ದ್ರವ್ಯ ಹಾಕಿಕೊಳ್ಳುವುದಿದ್ದರೆ ಸೀರೆ ಉಡುವ ಮೊದಲು ಮೈಗೆ ಹಾಕಿಕೊಂಡು ಆರಲು ಬಿಡಿ. ಜರಿಯ ಮೇಲೆ ಬಿದ್ದ ಹನಿ ಅಲ್ಲೇ ಕಂದುತ್ತದೆ. ಹೆಗಲಿನ ಪಿನ್ನು ನೇರವಾಗಿ ರೇಷ್ಮೆಗೆ ಚುಚ್ಚುವ ಬದಲು ಅಡಿಯಲ್ಲಿ ಒಂದು ಚಿಕ್ಕ ಬಟ್ಟೆಯ ತುಂಡಿಟ್ಟು ಚುಚ್ಚಿ. ಕಾಲುಂಗುರದ ಚೂಪಾದ ಅಂಚು ಸೀರೆಯ ಒಳಮೈಯ ಎಳೆ ಎಳೆಯುವುದೂ ಸಾಮಾನ್ಯ. ಉಂಗುರದ ಬಾಯಿಯನ್ನು ಅಕ್ಕಸಾಲಿಗರ ಹತ್ತಿರ ಒಮ್ಮೆ ನಯ ಮಾಡಿಸಿದರೆ ಮುಗಿಯಿತು.

ಕರೆ: ಅವಸರ ಬೇಕಾದದ್ದು ಇಲ್ಲಿ ಮಾತ್ರ

ಕರೆ ಬಿದ್ದ ಕೂಡಲೇ ಉಜ್ಜುವುದು ಎಲ್ಲರ ಮೊದಲ ತಪ್ಪು. ಉಜ್ಜಿದರೆ ಕರೆ ಎಳೆಯ ಒಳಕ್ಕೆ ಹೋಗುತ್ತದೆ, ಬಟ್ಟೆಯ ಮೈಯೂ ಎದ್ದು ಮಂಕಾಗುತ್ತದೆ. ಒಣ ಹತ್ತಿ ಬಟ್ಟೆಯಿಂದ ಒತ್ತಿ ಒತ್ತಿ ಹೀರಿಸಿ. ಅಂಚಿನಿಂದ ನಡುವಿಗೆ ಬನ್ನಿ, ನಡುವಿನಿಂದ ಅಂಚಿಗಲ್ಲ.

ನಮ್ಮ ಅಡುಗೆಮನೆಯ ದೊಡ್ಡ ಕರೆ ಅರಿಶಿನದ್ದು. ಸಾಂಬಾರು ಬಿದ್ದ ಬಿಳಿ ಅಂಗಿಗೆ ಸೋಪು ತಿಕ್ಕಿದ ಕೂಡಲೇ ಹಳದಿ ಕಲೆ ಕಡುಗೆಂಪಾಗುತ್ತದೆ. ನೋಡಿದವರು ಬಟ್ಟೆ ಕೆಟ್ಟೇಹೋಯಿತೆಂದು ಇನ್ನಷ್ಟು ತಿಕ್ಕುತ್ತಾರೆ. ಗಾಬರಿ ಬೇಡ. ಅರಿಶಿನಕ್ಕೆ ಕ್ಷಾರ ತಾಗಿದರೆ ಕೆಂಪಾಗುವುದು ಅದರ ಗುಣ. ಅರಿಶಿನ ನೀರಿಗೆ ಸುಣ್ಣ ಬೆರೆಸಿ ಕೆಂಪಾರತಿ ಮಾಡುವುದೂ ಇದೇ ಗುಣದಿಂದ. ನಿಂಬೆರಸದ ಎರಡು ಹನಿ ಬಿಟ್ಟರೆ ಕೆಂಪು ಮತ್ತೆ ಹಳದಿಗೆ ಮರಳುವುದನ್ನು ಕಣ್ಣಾರೆ ನೋಡಬಹುದು. ಅರಿಶಿನದ ಬಣ್ಣಕ್ಕೆ ಒಂದು ದೌರ್ಬಲ್ಯವೂ ಇದೆ, ಅದು ಬಿಸಿಲು ತಡೆಯದು. ಆದ್ದರಿಂದ ಬಿಳಿ ಹತ್ತಿ ಬಟ್ಟೆಯಾದರೆ ಸೋಪಿನಲ್ಲಿ ಒಗೆದು, ಕರೆ ಇರುವ ಭಾಗ ಮೇಲೆ ಬರುವಂತೆ ಬಿಸಿಲಿಗೆ ಹರವಿ. ಎರಡು ಮೂರು ದಿನ ಒದ್ದೆ ಮಾಡಿ ಮಾಡಿ ಬಿಸಿಲಿಗೆ ಹಾಕಿದರೆ ಕರೆ ತಾನಾಗಿಯೇ ಮಾಯುತ್ತದೆ. ಬಣ್ಣದ ಬಟ್ಟೆಗೂ ರೇಷ್ಮೆಗೂ ಈ ಉಪಾಯ ಬೇಡ, ಬಿಸಿಲು ಅರಿಶಿನದ ಜೊತೆ ಬಟ್ಟೆಯ ಬಣ್ಣವನ್ನೂ ತಿನ್ನುತ್ತದೆ.

ಮದುವೆ ಊಟದಲ್ಲಿ ರೇಷ್ಮೆಯ ಮೇಲೆ ತುಪ್ಪ ಬಿದ್ದರೆ ನೀರು ಮುಟ್ಟಿಸಬೇಡಿ. ಒತ್ತಿ ಹೀರಿಸಿ, ಮನೆಗೆ ಬಂದು ಟಾಲ್ಕಂ ಪೌಡರನ್ನು ದಪ್ಪಗೆ ಉದುರಿಸಿ, ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಮೆತ್ತನೆಯ ಬ್ರಷ್ಷಿನಿಂದ ಕೊಡವಿ. ಬೇಕಾದರೆ ಇನ್ನೊಮ್ಮೆ ಹಾಕಿ. ರಕ್ತದ ಕರೆಗೆ ತಣ್ಣೀರೇ ಬೇಕು, ಬಿಸಿನೀರು ಬಿದ್ದರೆ ರಕ್ತ ಬೆಂದು ಎಳೆಗೆ ಅಂಟಿಕೊಳ್ಳುತ್ತದೆ. ಹಾಲಿನ ಕಾಫಿಗೂ ಮೊದಲು ತಣ್ಣೀರು, ಆಮೇಲೆ ಸೋಪು. ಬಿಳಿ ಹತ್ತಿಯ ಮೇಲಿನ ತುಕ್ಕಿನ ಕಲೆಗೆ ನಿಂಬೆರಸ, ಉಪ್ಪು ಹಚ್ಚಿ ಬಿಸಿಲಿಗಿಟ್ಟು ಚೆನ್ನಾಗಿ ಜಾಲಿಸಬೇಕು. ಬಾಳೆಯ ಸೊನೆ ಮಾತ್ರ ಹಠಮಾರಿ. ಬಿದ್ದಾಗ ನೀರಿನಂತೆ ಕಾಣುತ್ತದೆ, ಗಾಳಿಗೆ ಒಡ್ಡಿದಂತೆ ಕಪ್ಪಾಗುತ್ತದೆ, ಆಮೇಲೆ ಹೋಗುವುದಿಲ್ಲ. ಬಾಳೆಕಂದು ಕಡಿಯುವಾಗ, ಬಾಳೆಕಾಯಿ ಹೆಚ್ಚುವಾಗ ಹಳೆಯ ಬಟ್ಟೆ ಉಡುವುದೊಂದೇ ದಾರಿ.

ದಿನದ ಒಗೆತ

ಸೋಪಿನ ಪುಡಿಯನ್ನು ಅರ್ಧಕ್ಕೆ ಇಳಿಸಿ. ಜಾಲಿಸುವಾಗ ಹೋಗದೆ ಉಳಿದ ಪುಡಿ ಬಟ್ಟೆಯನ್ನು ಬಿರುಸು ಮಾಡುತ್ತದೆ, ಕೊಳೆಯನ್ನೂ ಹಿಡಿದುಕೊಳ್ಳುತ್ತದೆ. ಮೂರನೆಯ ಸಲ ಜಾಲಿಸಿದ ನೀರಿನಲ್ಲೂ ನೊರೆ ಕಂಡರೆ ಪುಡಿ ಜಾಸ್ತಿಯಾಗಿದೆ ಎಂದೇ ಲೆಕ್ಕ.

ಕೊಳವೆಬಾವಿ ನೀರಿನ ಮನೆಗಳಲ್ಲಿ ಬಿಳಿ ಬಟ್ಟೆಯ ಗೋಳು ಬೇರೆಯೇ. ಗಡಸು ನೀರಿನ ಸುಣ್ಣದಂಶ ಸೋಪಿನ ಬಿಲ್ಲೆಯ ಜೊತೆ ಸೇರಿ ಬೂದುಬಣ್ಣದ ಗಸಿಯಾಗಿ ಬಟ್ಟೆಯ ಮೇಲೆ ಕೂರುತ್ತದೆ. ಬಿಲ್ಲೆಗಿಂತ ಡಿಟರ್ಜೆಂಟಿನಲ್ಲಿ ಈ ತೊಂದರೆ ಕಡಿಮೆ. ಬಿಳಿ ಹೋಯಿತೆಂದು ಬ್ಲೀಚ್ ಸುರಿಯುವವರು ಇನ್ನೊಂದು ಸಂಗತಿ ತಿಳಿದಿರಬೇಕು. ನೀರಿನಲ್ಲಿ ಕಬ್ಬಿಣದ ಅಂಶವಿದ್ದರೆ ಬ್ಲೀಚ್ ಅದನ್ನು ತುಕ್ಕಾಗಿಸಿ ಬಟ್ಟೆಗೇ ಹಚ್ಚುತ್ತದೆ. ಹಾಕಿದಷ್ಟೂ ಅಂಗಿ ಹಳದಿಯಾಗುತ್ತ ಹೋಗುತ್ತದೆ, ನೂಲೂ ಸೊರಗುತ್ತದೆ. ನಾನು ಬಿಳಿ ಬಟ್ಟೆಗಳನ್ನು ಕೂಡಿಟ್ಟು, ಕಾವೇರಿ ನೀರು ಬಂದ ದಿನ ಅಥವಾ ಸೂರಿನ ಮಳೆನೀರು ಸಿಕ್ಕ ದಿನ ಒಗೆಯುತ್ತೇನೆ. ನೀಲಿ ಹಾಕುವುದು ಬಟ್ಟೆಗೆ ಕೆಡುಕಲ್ಲ, ಅದು ಹಳದಿಯನ್ನು ಕಣ್ಣಿಗೆ ಮರೆಮಾಡುತ್ತದೆ ಅಷ್ಟೆ. ನೀಲಿಯನ್ನು ಪೂರ್ತಿ ಕರಗಿಸಿಯೇ ಬಟ್ಟೆ ಅದ್ದಿ, ಇಲ್ಲದಿದ್ದರೆ ಚುಕ್ಕೆ ಬೀಳುತ್ತದೆ.

ವಾಷಿಂಗ್ ಮೆಷಿನ್ ಬಗ್ಗೆ ಬಹಳ ಹೇಳಬೇಕಿಲ್ಲ. ಬಟ್ಟೆ ತುಂಬಿದ ಮೇಲೆ ಒಳಗೆ ಕೈ ಆಡುವಷ್ಟು ಜಾಗ ಇರಬೇಕು. ಜಿಪ್ ಎಳೆದು, ಕೊಕ್ಕೆ ಹಾಕಿ, ಕಡುಬಣ್ಣದವನ್ನೂ ಜೀನ್ಸನ್ನೂ ಒಳಮೈ ಹೊರಗೆ ಮಾಡಿ ಹಾಕಿ. ಅಂಗಿಯ ಗುಂಡಿ ಬಿಚ್ಚಿರಲಿ, ಹಾಕಿದ್ದರೆ ಕಾಜದ ಮೇಲೆ ಎಳೆತ ಬೀಳುತ್ತದೆ. ಒಳಉಡುಪು ಬಲೆಚೀಲದಲ್ಲಿರಲಿ. ಲೆಗ್ಗಿಂಗ್ಸ್‌ನಂಥ ಹಿಗ್ಗುವ ಬಟ್ಟೆಗೆ ಬಿಸಿನೀರು, ಕ್ಲೋರಿನ್, ಕಾದ ಇಸ್ತ್ರಿ ಮೂರೂ ಆಗವು. ಟವೆಲ್ಲಿಗೆ ಮೃದುವಾಗಿಸುವ ದ್ರಾವಣ ಹಾಕಬೇಡಿ, ನೀರು ಹೀರುವುದನ್ನೇ ನಿಲ್ಲಿಸುತ್ತದೆ. ಒಂದು ಹೊತ್ತು ತೊಟ್ಟ ಜೀನ್ಸ್, ಗಂಟೆ ಹೊತ್ತು ಹಾಕಿದ ಸ್ವೆಟರ್ ಗಾಳಿಗೆ ಹಾಕಿದರೆ ಸಾಕು, ಒಗೆತ ಬೇಡ.

ಹೊಸ ಬಟ್ಟೆ ಬಣ್ಣ ಬಿಡದಿರಲೆಂದು ಉಪ್ಪುನೀರಿನಲ್ಲಿ ನೆನೆಸುವ ರೂಢಿ ಎಲ್ಲ ಕಡೆ ಇದೆ. ಬಣ್ಣ ಅದ್ದುವಾಗ ಉಪ್ಪು ಕೆಲಸಕ್ಕೆ ಬರುತ್ತದೆ, ಬಣ್ಣ ಹಾಕಿ ಮುಗಿದ ಬಟ್ಟೆಗೆ ಅದು ಬೀಗ ಹಾಕಲಾರದು. ಮೊದಲ ನಾಲ್ಕೈದು ಒಗೆತ ಬೇರೆ ಮಾಡುವುದೇ ನಂಬಿಕೆಯ ದಾರಿ.

ರೇಷ್ಮೆ ಒಗೆಯುವ ಕ್ರಮ

ಹಿಂದೆ ಮಡಿವಾಳರು ಹತ್ತಿ ಬಟ್ಟೆಗೆ ಚೌಳು ಮಣ್ಣು ಬಳಸುತ್ತಿದ್ದರು, ಅಡುಗೆಮನೆಯ ಬೂದಿ ನೀರೂ ಬಳಕೆಯಲ್ಲಿತ್ತು. ಎರಡೂ ಕ್ಷಾರ. ರೇಷ್ಮೆಗೆ ಅಂಟುವಾಳಕಾಯಿಯೇ ಆಗಬೇಕು ಎಂದು ಅಜ್ಜಿ ಪಟ್ಟು ಹಿಡಿಯುತ್ತಿದ್ದುದರ ಹಿಂದೆ ಗಟ್ಟಿ ಕಾರಣವಿದೆ. ರೇಷ್ಮೆ ಹುಳು ನೂತ ಪ್ರೋಟೀನು, ನಮ್ಮ ಕೂದಲಿನ ಬಳಗ. ಕ್ಷಾರ ಅದನ್ನು ಕರಗಿಸುತ್ತದೆ. ಈಗಿನ ಹಲವು ಸೋಪಿನ ಪುಡಿಗಳಲ್ಲಿ ಕ್ಷಾರದ ಜೊತೆ ಕಿಣ್ವಗಳೂ ಇರುತ್ತವೆ. ಹಾಲು, ಮೊಟ್ಟೆ, ರಕ್ತದಂಥ ಪ್ರೋಟೀನಿನ ಕರೆಯನ್ನು ಒಡೆಯಲೆಂದು ಹಾಕಿದ ಕಿಣ್ವಕ್ಕೆ ರೇಷ್ಮೆಯೂ ಕರೆಯಂತೆಯೇ ಕಾಣುತ್ತದೆ. ಕ್ಲೋರಿನ್ ಬ್ಲೀಚಂತೂ ರೇಷ್ಮೆಯ ಹತ್ತಿರ ಸುಳಿಯಬಾರದು.

1. ಮನೆಯಲ್ಲಿ ಒಗೆಯಬಹುದೇ ಎಂದು ಮೊದಲು ತೀರ್ಮಾನಿಸಿ. ಮೈಸೂರು ರೇಷ್ಮೆಯ ಕ್ರೇಪ್ ಸೀರೆಯನ್ನು ಡ್ರೈಕ್ಲೀನಿಂಗಿಗೇ ಕೊಡಿ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ 1912ರಲ್ಲಿ ಆರಂಭವಾದ ಮೈಸೂರಿನ ಕಾರ್ಖಾನೆಯಲ್ಲಿ ನೇಯುವ ಈ ಸೀರೆಗಳ ಬಳುಕಿಗೆ ಕಾರಣ ಬಿಗಿಯಾಗಿ ಹುರಿ ಮಾಡಿದ ಎಳೆ. ನೀರು ತಾಗಿದರೆ ಹುರಿ ಸುತ್ತಿಕೊಳ್ಳಲು ನೋಡುತ್ತದೆ, ಬಟ್ಟೆ ಮುದುಡುತ್ತದೆ. ಭಾರಿ ಜರಿಯ ಕಂಚಿ ಸೀರೆ, ಮೈಗೊಂದು ಅಂಚಿಗೊಂದು ಕಡುಬಣ್ಣ ಇರುವ ಸೀರೆ ಕೂಡ ಮನೆಯ ಬಕೆಟ್ಟಿಗೆ ಬೇಡ. ಜರಿ ಕಡಿಮೆ ಇರುವ, ಒಂದೇ ಬಣ್ಣದ ಸಾದಾ ರೇಷ್ಮೆಗೆ ಮಾತ್ರ ಮುಂದಿನ ಹಂತಗಳು.

2. ಸೊಂಟದೊಳಗೆ ಸಿಕ್ಕಿಸುವ ತುದಿಯಲ್ಲಿ ನಾಣ್ಯದಗಲ ಒದ್ದೆ ಮಾಡಿ, ಬಿಳಿ ಹತ್ತಿ ಬಟ್ಟೆ ಒತ್ತಿ ಹತ್ತೆಣಿಸಿ. ಬಿಳಿಗೆ ಬಣ್ಣ ಹತ್ತಿದರೆ ಅಲ್ಲಿಗೇ ನಿಲ್ಲಿಸಿ.

3. ಹತ್ತು ಅಂಟುವಾಳಕಾಯಿಯ ಬೀಜ ತೆಗೆದು ಹಿಂದಿನ ರಾತ್ರಿ ಎರಡು ಲೀಟರ್ ನೀರಿನಲ್ಲಿ ನೆನೆಸಿ. ಬೆಳಿಗ್ಗೆ ಕೈಯಲ್ಲಿ ಕಿವುಚಿ, ನೊರೆ ಎದ್ದ ಮೇಲೆ ತೆಳು ಬಟ್ಟೆಯಲ್ಲಿ ಸೋಸಿ. ಸಿಪ್ಪೆಯ ಚೂರು ಉಳಿದರೆ ಕಲೆಯಾಗುತ್ತದೆ. ಈ ರಸಕ್ಕೆ ಕಂದುಬಣ್ಣ ಇರುವುದರಿಂದ ಬಿಳಿ, ಕೆನೆಬಣ್ಣದ ರೇಷ್ಮೆಗೆ ಬಳಸಬೇಡಿ. ಅದಕ್ಕೆ ರೇಷ್ಮೆ ಮತ್ತು ಉಣ್ಣೆಗೆಂದೇ ಮಾರುವ ಸೌಮ್ಯ ದ್ರವ ಒಳ್ಳೆಯದು.

4. ಅರ್ಧ ಬಕೆಟ್ ತಣ್ಣೀರಿಗೆ ರಸ ಬೆರೆಸಿ ಸೀರೆಯನ್ನು ಮುಳುಗಿಸಿ, ಮೇಲೆ ಕೆಳಗೆ ಆಡಿಸಿ. ಎರಡು ಮೂರು ನಿಮಿಷ ಸಾಕು. ನೆನೆಹಾಕಬೇಡಿ, ತಿಕ್ಕಬೇಡಿ.

5. ನೊರೆ ಹೋಗುವವರೆಗೆ ಮೂರು ಸಲ ಜಾಲಿಸಿ. ಜರಿಯೇ ಇಲ್ಲದ ಸೀರೆಯಾದರೆ ಕೊನೆಯ ನೀರಿಗೆ ಒಂದು ಚಮಚ ಬಿಳಿ ವಿನೆಗರ್ ಹಾಕಬಹುದು. ಉಳಿದ ಸೋಪನ್ನು ಕಳೆದು ಹೊಳಪನ್ನು ಮರಳಿಸುತ್ತದೆ.

6. ಹಿಂಡದೆ ಎತ್ತಿ, ದೊಡ್ಡ ಟವೆಲ್ಲಿನ ಮೇಲೆ ಹರಡಿ, ಚಾಪೆಯಂತೆ ಸುತ್ತಿ, ಮೇಲಿನಿಂದ ಅಂಗೈಯಲ್ಲಿ ಒತ್ತಿ. ಟವೆಲ್ಲು ನೀರು ಕುಡಿದುಕೊಳ್ಳುತ್ತದೆ. ಆಮೇಲೆ ನೆರಳಲ್ಲಿ ಹರವಿ. ಬಿಸಿಲು ರೇಷ್ಮೆಯನ್ನು ಹಳದಿ ಮಾಡುತ್ತದೆ, ನೂಲನ್ನೂ ಒಣಕಲು ಮಾಡುತ್ತದೆ.

ಇಳಕಲ್ ಸೀರೆಗೆ ಒಂದು ಮಾತು ಹೆಚ್ಚು ಬೇಕು. ಸಾಂಪ್ರದಾಯಿಕ ಇಳಕಲ್ ಸೀರೆಯ ಮೈ ಹತ್ತಿಯದು, ಸೆರಗು ರೇಷ್ಮೆಯದು. ಮೈಯ ಹಾಸಿನ ಎಳೆಗೂ ಸೆರಗಿನ ಹಾಸಿನ ಎಳೆಗೂ ಕೊಂಡಿ ಹಾಕಿ ಜೋಡಿಸಿರುತ್ತಾರೆ. ಮೈಯನ್ನು ನೋಡಿ ಹತ್ತಿಯಂತೆ ಕುಕ್ಕಿದರೆ ಕೊಂಡಿಯ ಸಾಲಿನಲ್ಲೇ ಸೆರಗು ಸೋಲುತ್ತದೆ, ಕೆಂಪು ಸೆರಗು ಬಣ್ಣ ಬಿಟ್ಟು ಮೈಗೂ ಹತ್ತುತ್ತದೆ. ಒಂದು ಬಟ್ಟೆಯಲ್ಲಿ ಎರಡು ನೂಲಿದ್ದರೆ ನಾಜೂಕಾದ ನೂಲಿನ ಮಾತೇ ನಡೆಯಬೇಕು. ಮೊದಲ ಕೆಲವು ಸಲ ಸೆರಗನ್ನು ಕೈಯಲ್ಲಿ ಮೇಲೆತ್ತಿ ಹಿಡಿದು ಮೈಯನ್ನು ಒಗೆಯಿರಿ, ಆಮೇಲೆ ಬೇರೆ ನೀರಿನಲ್ಲಿ ಸೆರಗನ್ನು ಅದ್ದಿ ತೆಗೆಯಿರಿ. ಅದರ ಮೇಲೆ ಕಸೂತಿ ಇದ್ದರೆ ಮೆಷಿನ್ನಿನ ಯೋಚನೆಯನ್ನೇ ಬಿಡಿ. ಗವಂತಿ, ಮುರ್ಗಿ ಹೊಲಿಗೆಗಳಲ್ಲಿ ಗಂಟು ಹಾಕುವುದಿಲ್ಲ, ಒಂದೆಳೆ ಸಿಕ್ಕಿ ಎಳೆದರೆ ಸಾಲೇ ಜಾರುತ್ತದೆ.

ಡ್ರೈಕ್ಲೀನಿಂಗಿಗೆ ಕೊಡುವಾಗ ಕರೆ ಎಲ್ಲಿದೆ, ಯಾವುದರದು ಎಂದು ಹೇಳಿ. ತುಪ್ಪಕ್ಕೆ ಬೇರೆ, ಹಣ್ಣಿನ ರಸಕ್ಕೆ ಬೇರೆ ಉಪಾಯ ಇರುತ್ತದೆ. ಮನೆಗೆ ತಂದ ಮೇಲೆ ಪ್ಲಾಸ್ಟಿಕ್ ಹೊದಿಕೆ ತೆಗೆದು, ದ್ರಾವಕದ ವಾಸನೆ ಹೋಗುವವರೆಗೆ ಗಾಳಿಗೆ ಬಿಡಿ. ಪಾಲಿಶ್, ರೋಲಿಂಗ್ ಮಾಡಿಸಿದ ಸೀರೆ ಹೊಸದರಂತೆ ಗರಿಗರಿಯಾಗುತ್ತದೆ. ಆದರೂ ವರ್ಷ ವರ್ಷ ಮಾಡಿಸಬೇಡಿ ಎಂಬುದು ನನ್ನ ಸಲಹೆ. ಹಳೆಯ ಸೀರೆಗೆ ಆ ಎಳೆತ, ಆ ಬಿರುಸು ಎರಡೂ ಭಾರ.

ಒಣಗಿಸುವುದು, ಇಸ್ತ್ರಿ

ಬಣ್ಣದ ಬಟ್ಟೆ ನೆರಳಿಗೆ ಅಥವಾ ಒಳಮೈ ಹೊರಗೆ ಮಾಡಿ, ಬಿಳಿ ಹತ್ತಿ ಬಿಸಿಲಿಗೆ. ತಂತಿ ಬಳಸುವುದಿದ್ದರೆ ತುಕ್ಕು ಹಿಡಿದಿದೆಯೇ ಎಂದು ಒದ್ದೆ ಬಟ್ಟೆಯಿಂದ ಒರೆಸಿ ನೋಡಿ. ಸ್ವೆಟರನ್ನು ತೂಗುಹಾಕಿದರೆ ನೀರಿನ ಭಾರಕ್ಕೆ ಜೋತು ಉದ್ದವಾಗುತ್ತದೆ, ಚಪ್ಪಟೆಯಾಗಿ ಹರಡಿ.

ಹತ್ತಿಗೆ ಸ್ವಲ್ಪ ತೇವ ಇರುವಾಗಲೇ ಇಸ್ತ್ರಿ ಹಾಕಿದರೆ ಸುಕ್ಕು ಬೇಗ ಹೋಗುತ್ತದೆ. ರೇಷ್ಮೆಗೆ ನೀರು ಚಿಮುಕಿಸಬೇಡಿ, ಹನಿ ಬಿದ್ದಲ್ಲಿ ಕಲೆ ಉಳಿಯುತ್ತದೆ. ಒಳಮೈಯಿಂದ, ಕಡಿಮೆ ಶಾಖದಲ್ಲಿ, ಜರಿಯ ಮೇಲೆ ತೆಳು ಹತ್ತಿ ಬಟ್ಟೆ ಹಾಸಿ ಹಾಕಿ. ಬೀರುವಿನಲ್ಲಿಡುವ ರೇಷ್ಮೆಯ ಮಡಿಕೆಯ ಮೇಲೆ ಇಸ್ತ್ರಿ ಒತ್ತಿದರೆ ಆ ಗೆರೆಯನ್ನು ನಾವೇ ಕೊಯ್ದಂತೆ. ಇಸ್ತ್ರಿ ಉಡುವ ದಿನಕ್ಕಿರಲಿ.

ಬೀರು

ಅಮ್ಮನ ಸೀರೆಗೆ ಏನಾಯಿತು ಎಂಬುದು ಈಗ ನನಗೆ ಸ್ಪಷ್ಟವಾಗಿದೆ. ಮಡಿಕೆ ಎಂದರೆ ಎಳೆ ಬಾಗಿ ನಿಂತ ಜಾಗ. ಮೇಲೆ ಏಳೆಂಟು ಸೀರೆಗಳ ಭಾರ, ಒಳಗೆ ಬೆವರಿನ ಉಪ್ಪು, ಹೊರಗೆ ಉಸಿರಾಡದ ಪ್ಲಾಸ್ಟಿಕ್. ವರ್ಷಗಟ್ಟಲೆ ಒಂದೇ ಕಡೆ ಬಾಗಿದ ಎಳೆ ಕೊನೆಗೆ ಅಲ್ಲಿಯೇ ಮುರಿಯಿತು. ಬೆಳ್ಳಿಯ ಎಳೆಗೆ ಚಿನ್ನದ ಲೇಪವಿರುವ ಅಸಲಿ ಜರಿ ಮಡಿಕೆಯಲ್ಲಿ ಉಜ್ಜಿ ಉಜ್ಜಿ ಬೆಳ್ಳಿ ಹೊರಬಂದರೆ, ಗಾಳಿಯ ಗಂಧಕದ ಅಂಶಕ್ಕೆ ಕಪ್ಪಾಗುತ್ತದೆ. ದೇವರ ಕೋಣೆಯ ಬೆಳ್ಳಿ ದೀಪ ಕಪ್ಪಾಗುವುದೂ ಹೀಗೆಯೇ. ರಬ್ಬರಿನಲ್ಲಿ ಗಂಧಕವಿರುತ್ತದೆ, ಆದ್ದರಿಂದ ಸೀರೆಗೆ ರಬ್ಬರ್ ಬ್ಯಾಂಡ್ ಸುತ್ತಬೇಡಿ.

ಈಗ ನಮ್ಮ ಮನೆಯ ಕ್ರಮ ಇದು. ಹಳೆಯ ಹತ್ತಿ ಪಂಚೆಯನ್ನು ನೀಲಿ, ಗಂಜಿ ಎರಡೂ ಇಲ್ಲದೆ ಒಗೆದು, ಸೀರೆಯ ಅಳತೆಗೆ ಕತ್ತರಿಸಿ, ಒಂದೊಂದು ಸೀರೆಯನ್ನು ಒಂದೊಂದರಲ್ಲಿ ಸುತ್ತುತ್ತೇನೆ. ಮಡಿಕೆಯ ಬಾಗಿನಲ್ಲಿ ಒಂದು ಸುರುಳಿ ಹತ್ತಿ ಬಟ್ಟೆ ಇಡುತ್ತೇನೆ, ಆಗ ಗೆರೆ ಚೂಪಾಗುವುದಿಲ್ಲ. ಭಾರಿ ಜರಿಯವು ಕೆಳಗೆ, ಹಗುರವಾದವು ಮೇಲೆ, ಒಂದರ ಮೇಲೊಂದು ಐದಕ್ಕಿಂತ ಹೆಚ್ಚಿಲ್ಲ. ಕಬ್ಬಿಣದ ಬೀರುವಿನ ತಟ್ಟೆಗೆ ಹತ್ತಿ ಬಟ್ಟೆ ಹಾಸಿದ್ದೇನೆ. ಪತ್ರಿಕೆಯ ಕಾಗದ ಹಾಸುವುದನ್ನು ಬಿಟ್ಟಿದ್ದೇನೆ, ಅದರ ಶಾಯಿ ಹತ್ತುತ್ತದೆ, ಹಳದಿಯಾಗುವ ಕಾಗದದ ಆಮ್ಲ ಬಟ್ಟೆಗೆ ಒಳ್ಳೆಯದಲ್ಲ. ಭಾರಿ ಸೀರೆಯನ್ನು ಹ್ಯಾಂಗರಿಗೆ ತೂಗುಹಾಕುವುದಿಲ್ಲ, ಅದರ ಭಾರ ಅದನ್ನೇ ಎಳೆಯುತ್ತದೆ.

ಮೂರು ತಿಂಗಳಿಗೊಮ್ಮೆ ಒಂದು ಭಾನುವಾರ ಎಲ್ಲವನ್ನೂ ತೆಗೆದು, ಬಿಡಿಸಿ, ನೆರಳ ಗಾಳಿಗೆ ಹರಡಿ, ಮಡಿಕೆ ಬದಲಿಸಿ ಇಡುತ್ತೇವೆ. ಹಿಂದಿನ ಸಲ ಉದ್ದಕ್ಕೆ ಎರಡಾಗಿ ಮಡಿಸಿದ್ದರೆ ಈ ಸಲ ಮೂರಾಗಿ. ಸೀರೆಗೆ ಬೇಕಾದ ದೊಡ್ಡ ಉಪಚಾರ ಇದೇ, ಖರ್ಚೂ ಇಲ್ಲ. ಮಕ್ಕಳನ್ನು ಜೊತೆಗೆ ಕೂರಿಸಿಕೊಳ್ಳಿ. ಇದು ಯಾರ ಧಾರೆ ಸೀರೆ, ಅದು ಯಾವ ಹಬ್ಬದ್ದು ಎಂಬ ಮಾತು ಆ ಹೊತ್ತಿನಲ್ಲಿ ತಾನಾಗಿ ಬರುತ್ತದೆ.

ಹುಳುವಿಗೆ ನುಸಿಗುಳಿಗೆ (ನ್ಯಾಫ್ತಲೀನ್ ಗುಳಿಗೆ) ಇಡುವವರು ಅದನ್ನು ಬಟ್ಟೆಗೆ, ಅದರಲ್ಲೂ ಜರಿಗೆ, ತಾಗಿಸಬಾರದು. ಚಿಕ್ಕ ಚೀಲದಲ್ಲಿ ಕಟ್ಟಿ ಮೇಲಿನ ತಟ್ಟೆಯಲ್ಲಿಡಿ. ಕರ್ಪೂರದ ಜೊತೆ ಇಡಬೇಡಿ, ಎರಡೂ ಸೇರಿದರೆ ಕರಗಿ ಬಟ್ಟೆಗೆ ಇಳಿಯುತ್ತವೆ. ನಾನು ಬಜೆ ಬೇರು, ಲಾವಂಚ, ನೆರಳಲ್ಲಿ ಒಣಗಿಸಿದ ಬೇವಿನ ಎಲೆಯನ್ನು ಬಟ್ಟೆಯಲ್ಲಿ ಕಟ್ಟಿಡುತ್ತೇನೆ, ವಾಸನೆ ಹೋದಂತೆ ಬದಲಿಸುತ್ತೇನೆ. ಇವುಗಳಿಂದಲೇ ಹುಳು ಬರುವುದಿಲ್ಲ ಎಂದು ನಂಬಿ ಕೂರಬೇಡಿ. ರೇಷ್ಮೆ, ಉಣ್ಣೆ ತಿನ್ನುವ ಹುಳುವಿಗೆ ಬೆವರು, ಊಟದ ಕಲೆ ಇರುವ ಬಟ್ಟೆಯೇ ರುಚಿ. ಗಂಜಿ ಹಾಕಿದ ಹತ್ತಿ ಬಟ್ಟೆ ಬೆಳ್ಳಿಮೀನು ಹುಳುವಿಗೆ ಊಟ. ಗಂಜಿಯೇನೂ ಕೆಟ್ಟದ್ದಲ್ಲ, ಕೊಳೆ ನೂಲಿಗೆ ಅಂಟದೆ ಗಂಜಿಗೆ ಅಂಟಿ ಒಗೆಯುವಾಗ ಹೋಗುತ್ತದೆ. ಆದರೆ ಮುಂದಿನ ಬೇಸಿಗೆಯವರೆಗೆ ಎತ್ತಿಡುವ ಪಂಚೆ, ಸೀರೆಗಳನ್ನು ಗಂಜಿ ಕಳೆದು ಇಡಿ.

ಮಳೆಗಾಲ

ಮಲೆನಾಡು, ಕರಾವಳಿಯವರಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಕಾಯುವುದೇ ಒಂದು ಕೆಲಸ. ಒಣಗಿದಂತೆ ಕಂಡರೂ ಪಟ್ಟಿ, ಜೇಬು, ಸೊಂಟದ ಮಡಿಕೆಯಲ್ಲಿ ತಣಸು ಉಳಿದಿರುತ್ತದೆ. ಕೆನ್ನೆಗೆ ಒತ್ತಿ ನೋಡಿ, ತಣ್ಣಗಿದ್ದರೆ ಇನ್ನೂ ಒಣಗಿಲ್ಲ. ಹಾಗೆಯೇ ಮಡಿಸಿಟ್ಟರೆ ಹತ್ತು ದಿನದಲ್ಲಿ ಬೂಸ್ಟು. ಮಳೆಗಾಲಕ್ಕೆ ಮುಂಚೆ, ಒಣ ಹವೆ ಇರುವಾಗಲೇ ರೇಷ್ಮೆ, ಉಣ್ಣೆಯನ್ನು ಗಾಳಿಗೆ ಹಾಕಿ ಸುತ್ತಿಟ್ಟು, ಬೀರುವಿನಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳನ್ನಿಡಿ. ಹೊರಗೋಡೆಗೆ ಬೀರು ತಾಗದಂತೆ ಒಂದು ಗೇಣು ಈಚೆ ಇಡಿ. ಮಳೆ ಬಿಡುವು ಕೊಟ್ಟ ದಿನ ಬಾಗಿಲು ತೆರೆದು ಫ್ಯಾನ್ ಹಾಕಿ.

ಬೂಸ್ಟು ಬಂದೇಬಿಟ್ಟರೆ ಒದ್ದೆ ಬಟ್ಟೆಯಿಂದ ಒರೆಸಬೇಡಿ, ಹರಡುತ್ತದೆ. ಮನೆಯ ಹೊರಗೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಒಣ ಬ್ರಷ್ಷಿನಿಂದ ಕೊಡವಿ, ಹತ್ತಿಯಾದರೆ ಒಗೆದು ಬಿಸಿಲಿಗೆ ಹಾಕಿ, ರೇಷ್ಮೆಯಾದರೆ ಡ್ರೈಕ್ಲೀನಿಂಗಿಗೆ ಕೊಡಿ. ಹತ್ತಿಯ ಮೇಲೆ ಕರಿಚುಕ್ಕೆ ಬಿದ್ದ ಮೇಲೆ ಪೂರ್ತಿ ಹೋಗುವುದು ಕಷ್ಟ.

ಸೂಜಿ, ದಾರ

ಫಾಲ್ ಬಟ್ಟೆಯನ್ನು ನೀರಿನಲ್ಲಿ ನೆನೆಸಿ ಒಣಗಿಸಿಯೇ ಹೊಲಿಸಿ. ಇಲ್ಲದಿದ್ದರೆ ಮೊದಲ ಒಗೆತಕ್ಕೆ ಅದು ಕುಗ್ಗಿ ಸೀರೆಯ ಅಂಚನ್ನು ಸುಕ್ಕುಗಟ್ಟಿಸುತ್ತದೆ. ನೆಲದ, ಚಪ್ಪಲಿಯ ಉಜ್ಜಾಟವನ್ನು ಅಂಚಿನ ಬದಲು ತಾನು ತಿನ್ನಲೆಂದೇ ಫಾಲ್ ಇರುವುದು, ಸವೆದಾಗ ಬಿಚ್ಚಿ ಹೊಸದು ಹಾಕಿಸಿ. ಎಳೆ ಹೊರಬಂದಲ್ಲಿ ಕತ್ತರಿ ಇಡಬೇಡಿ, ಸೂಜಿಯ ಹಿಂಬದಿಯಿಂದ ಒಳಮೈಗೆ ತಳ್ಳಿ. ಸಣ್ಣ ತೂತು ಬೆರಳಗಲವಾಗುವ ಮೊದಲು ರಫೂ ಮಾಡುವವರ ಹತ್ತಿರ ಕೊಂಡೊಯ್ಯಿರಿ. ಹೊಸ ಅಂಗಿಯ ಗುಂಡಿಗಳನ್ನು ತೊಡುವ ಮೊದಲೇ ಇನ್ನೊಂದು ಸುತ್ತು ಹೊಲಿದುಬಿಡಿ. ರವಿಕೆ ಹೊಲಿಸುವಾಗ ಎರಡೂ ಪಕ್ಕದಲ್ಲಿ ಒಳಗೆ ಬಟ್ಟೆ ಬಿಡಿಸಿ, ಮೈ ಬದಲಾದರೂ ರವಿಕೆ ಉಳಿಯುತ್ತದೆ.

ಅಮ್ಮನ ಸೀರೆ ಮತ್ತೆ ಉಡುವಂತಾಗಲಿಲ್ಲ. ಪಿಸಿದ ಗೆರೆಯಲ್ಲಿ ಕತ್ತರಿಸಿ, ಗಟ್ಟಿ ಉಳಿದ ಭಾಗಕ್ಕೆ ಹತ್ತಿಯ ಒಳಪದರ ಕೊಟ್ಟು ತಂಗಿಯ ಮಗಳಿಗೆ ಲಂಗ ಹೊಲಿಸಿದೆವು. ಹಳೆಯ ಹತ್ತಿ ಸೀರೆಗಳಿಗೆ ಉತ್ತರ ಕರ್ನಾಟಕದ ಮನೆಗಳಲ್ಲಿ ಇನ್ನೂ ಒಳ್ಳೆಯ ದಾರಿಯಿದೆ, ಪದರ ಪದರವಾಗಿ ಹಾಸಿ ಕೈಹೊಲಿಗೆ ಹಾಕಿ ಕೌದಿ ಮಾಡುತ್ತಾರೆ. ಕೌದಿಗೆ ಕೊಡುವ ಮೊದಲು ಕೊಕ್ಕೆ, ಗುಂಡಿ, ಫಾಲ್ ಬಿಚ್ಚಿಟ್ಟುಕೊಳ್ಳಿ, ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆದು ಬಣ್ಣ, ಗಂಜಿ, ಕುಗ್ಗುವುದೆಲ್ಲ ಮುಗಿಸಿ.

ಮೆತ್ತಗಾದ ಹಳೆಯ ಸೀರೆಯನ್ನು ಎಳೆಮಗುವಿನ ಜೋಲಿಗೆ, ತೊಟ್ಟಿಲ ಹಾಸಿಗೆಗೆ ತೆಗೆಯುವುದಿದ್ದರೆ ಒಂದು ಎಚ್ಚರಿಕೆ. ನುಸಿಗುಳಿಗೆಯ ಜೊತೆ ಇದ್ದ ಬಟ್ಟೆಯನ್ನು ಬೀರುವಿನಿಂದ ತೆಗೆದು ನೇರವಾಗಿ ಬಳಸಬೇಡಿ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಹುಟ್ಟಿನಿಂದಲೇ ಇರುವ ಶಿಶುಗಳಲ್ಲಿ ನುಸಿಗುಳಿಗೆಯ ಆವಿ ರಕ್ತಕಣಗಳನ್ನು ಒಡೆದು ತೀವ್ರ ಕಾಮಾಲೆ ತರಬಲ್ಲದು, ಕೊರತೆ ಇದೆಯೆಂದು ಮನೆಯವರಿಗೆ ಗೊತ್ತೇ ಇರುವುದಿಲ್ಲ. ಮಗುವಿಗೆಂದು ಎತ್ತಿಡುವ ಬಟ್ಟೆಯನ್ನು ಮೊದಲಿನಿಂದಲೂ ಬೇರೆ ತಟ್ಟೆಯಲ್ಲಿ, ಬರೀ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ಬಳಸುವ ಮುನ್ನ ಒಗೆದು, ಎರಡು ದಿನ ಬಿಸಿಲಿಗೆ ಹಾಕಿ, ಮುಖಕ್ಕೆ ಹಿಡಿದು ಮೂಸಿ ನೋಡಿ.